ಬೀಜ ಮೊಳಕೆಯ ಕಿಟ್: ಭೂತಗನ್ನಡಿ ಇಟ್ಕೊಳ್ಳಿ, ಬೀಜ ಕಿರಾಣಿ ಅಂಗಡಿಯಿಂದ ತನ್ನಿ

ಮೊದಲೇ ಹೇಳಿಬಿಡುತ್ತೇನೆ. 599 ರೂಪಾಯಿ ಕೊಟ್ಟು ತಂದ ಈ ಕಿಟ್‌ನಲ್ಲಿ ಹೆಚ್ಚೆಂದರೆ ಇನ್ನೂರು ರೂಪಾಯಿಯ ಸಾಮಾನು ನಿಜವಾಗಿಯೂ ಚೆನ್ನಾಗಿದೆ. ಉಳಿದದ್ದು ಬಣ್ಣದ ರಟ್ಟು. ಯಾವುದು ಚೆನ್ನಾಗಿದೆ, ಯಾವುದು ದಂಡ ಅಂತ ಬಿಡಿಸಿ ಹೇಳೋಣ ಅಂತಲೇ ಇದನ್ನು ಬರೆಯುತ್ತಿದ್ದೇನೆ. ಮಳೆಗಾಲ ಶುರುವಾದರೆ ಸಾಕು, ಪಾಲಕರ ವಾಟ್ಸಾಪ್ ಗುಂಪಿನಲ್ಲಿ ಇಂಥ ಡಬ್ಬಿಗಳ ಫೋಟೋ ಬರುತ್ತಲೇ ಇರುತ್ತವೆ. ಕೆಳಗೆ "ಟೀಚರ್, ಇದು ತಗೋಬಹುದೇನ್ರಿ?" ಅಂತ ಒಂದು ಸಾಲು.

ನಾನು ಧಾರವಾಡದಲ್ಲಿ ಎಲ್‌ಕೆಜಿ, ಯುಕೆಜಿ ಮಕ್ಕಳಿಗೆ ಕಲಿಸುತ್ತೇನೆ. ತವರು ರಾಣೆಬೆನ್ನೂರು ಕಡೆ. ಅಲ್ಲಿ ತರಕಾರಿ, ಹತ್ತಿಯ ಹೈಬ್ರಿಡ್ ಬೀಜ ಮಾಡುವುದೇ ಎಷ್ಟೋ ಮನೆಗಳ ಕಸುಬು. ನಾನು ಚಿಕ್ಕವಳಿದ್ದಾಗ ಓಣಿಯ ಹೆಂಗಸರು ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಕ್ರಾಸಿಂಗ್ ಕೆಲಸಕ್ಕೆ ಹೋಗುತ್ತಿದ್ದರು. ಒಂದು ಗಿಡದ ಹೂವಿನ ಪುಡಿಯನ್ನು ಇನ್ನೊಂದು ಗಿಡದ ಹೂವಿಗೆ ಮುಟ್ಟಿಸುವ ಕೆಲಸ ಅದು. ಆ ಊರಿನ ರೂಢಿ ನನ್ನನ್ನು ಬಿಟ್ಟಿಲ್ಲ. ಬೀಜದ ಪ್ಯಾಕೆಟ್ ಕೈಗೆ ಬಂದರೆ ಮುಂದಿನ ಚಿತ್ರ ನೋಡುವ ಮೊದಲು ಹಿಂದೆ ತಿರುಗಿಸಿ ತಾರೀಖು ನೋಡುತ್ತೇನೆ. ಈ ಕಿಟ್‌ನ ಐದು ಪ್ಯಾಕೆಟ್‌ಗಳ ಮೇಲೂ ತಾರೀಖೇ ಇರಲಿಲ್ಲ.

ಕಂಪನಿಯ ಹೆಸರು ಬರೆಯುವುದಿಲ್ಲ. ಹೆಚ್ಚುಕಡಿಮೆ ಇದೇ ಸಾಮಾನು ನಾಲ್ಕಾರು ಹೆಸರಿನ ಡಬ್ಬಿಗಳಲ್ಲಿ ಸಿಗುತ್ತದೆ. ನಾನು ತಂದದ್ದು ಹುಬ್ಬಳ್ಳಿಯ ಒಂದು ಆಟಿಕೆ ಅಂಗಡಿಯಿಂದ. ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ಪಕ್ಕದಲ್ಲಿ ಕೂತ ಅಜ್ಜಾರು ಡಬ್ಬಿಯ ಮೇಲಿನ ಸೂರ್ಯಕಾಂತಿ ಚಿತ್ರ ನೋಡಿ "ಇದು ಎಣ್ಣಿ ತೆಗೀಲಿಕ್ಕೇನ್ರಿ?" ಅಂದರು. ಮಕ್ಕಳಿಗೆ ಬೀಜ ಮೊಳೆಸಿ ತೋರಿಸೋಕೆ ಅಂದೆ. ಬೆಲೆ ಕೇಳಿದರು. ಹೇಳಿದೆ. ಆಮೇಲೆ ಧಾರವಾಡ ಬರುವವರೆಗೂ ಅವರು ಮಾತಾಡಲಿಲ್ಲ.

ಡಬ್ಬಿಯೊಳಗೆ ಏನಿದೆ? ಮರದ ಸ್ಟ್ಯಾಂಡಿನಲ್ಲಿ ನಿಲ್ಲುವ ಆರು ಪಾರದರ್ಶಕ ಪ್ಲಾಸ್ಟಿಕ್ ಟ್ಯೂಬು. ಒಣಗಿಸಿ ಒತ್ತಿದ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಬಿಲ್ಲೆಗಳು. ಐದು ಬೀಜದ ಪ್ಯಾಕೆಟ್: ಸೂರ್ಯಕಾಂತಿ, ಮೂಲಂಗಿ, ಬೀನ್ಸ್, ಟೊಮೆಟೊ, ಬೇಸಿಲ್. ಒಂದು ಭೂತಗನ್ನಡಿ, ಎರಡು ಡ್ರಾಪರ್, ಒಂದು ಚಿಮಟಾ, ಒಂದು ಪ್ಲಾಸ್ಟಿಕ್ ಸಲಿಕೆ. ಎತ್ತರ ಅಳೆಯಲು ಕಾಗದದ ಪಟ್ಟಿ, ಸ್ಟಿಕರ್, ಇಂಗ್ಲಿಷಿನ ಪುಸ್ತಿಕೆ. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ವಿಡಿಯೋ ಬರುತ್ತದೆ. ಭಾಷೆ ಆರಿಸಿಕೊಳ್ಳಿ ಅನ್ನುತ್ತದೆ. ಇರೋದು ಇಂಗ್ಲಿಷ್, ಹಿಂದಿ ಎರಡೇ. ಕರ್ನಾಟಕದಲ್ಲಿ ಮಾರುವ ಡಬ್ಬಿಗೆ ಕನ್ನಡದಲ್ಲಿ ನಾಲ್ಕು ಸಾಲು ಓದಿಸೋಕೆ ಎಷ್ಟು ಖರ್ಚಾದೀತು, ಹೇಳಿ.

ಹೊಗಳಬೇಕಾದದ್ದನ್ನು ಹೊಗಳಿಬಿಡುತ್ತೇನೆ. ಭೂತಗನ್ನಡಿ ಚೆನ್ನಾಗಿದೆ. ನಿಜವಾದ ಗಾಜು, ಹಿಡಿಕೆ ದಪ್ಪ, ಸಣ್ಣ ಕೈಗೆ ಕೂಡುತ್ತದೆ. ಅಂಗಡಿಯಲ್ಲಿ ಬಿಡಿಯಾಗಿ ಸಿಗುವ ಪ್ಲಾಸ್ಟಿಕ್ಕಿನವು ಎರಡು ದಿನಕ್ಕೆ ಗೀರು ಬಿದ್ದು ಕುರುಡಾಗುತ್ತವೆ. ಇದು ಹಾಗಾಗಲಿಲ್ಲ. ಮಕ್ಕಳಿಗೆ ಎಲ್ಲಕ್ಕಿಂತ ಜಾಸ್ತಿ ಸೇರಿದ್ದು ಡ್ರಾಪರ್. ನಾಲ್ಕು ವರ್ಷದ ಮಗುವಿನ ಕೈಗೆ ಲೋಟ ಕೊಟ್ಟು "ಸ್ವಲ್ಪ ನೀರು ಹಾಕು" ಅಂದರೆ ಪೂರ್ತಿ ಲೋಟ ಸುರಿಯುತ್ತದೆ. ಅದಕ್ಕೆ ಸ್ವಲ್ಪ ಅನ್ನೋದೇ ಗೊತ್ತಿಲ್ಲ. ಡ್ರಾಪರ್ ಇದ್ದರೆ ಹನಿ ಎಣಿಸಿ ಹಾಕುತ್ತದೆ. ಐದು ಹನಿ ಅಂದರೆ ಐದೇ. ಬೆರಳಿಗೆ ಕೆಲಸ, ಎಣಿಕೆಯೂ ಆಯಿತು, ಬೀಜವೂ ಬದುಕಿತು. ಟ್ಯೂಬಿನ ಸ್ಟ್ಯಾಂಡ್ ಗಟ್ಟಿ ಇದೆ, ತಳ್ಳಿದರೂ ಬೀಳುವುದಿಲ್ಲ. ಸಲಿಕೆ ಮೊದಲ ದಿನವೇ ಮುರಿಯಿತು. ಅದರ ಬಗ್ಗೆ ಮುಗೀತು.

ಈಗ ತಕರಾರು.

ಕಿಟ್‌ನ ಪುಸ್ತಿಕೆ ಹೇಳುವ ಹಾಗೆ ಮಾಡಿದರೆ ಮೊಳಕೆ ಬರುತ್ತದೆ, ಆದರೆ ಕಾಣುವುದಿಲ್ಲ. ಕೋಕೋಪೀಟ್ ಬಿಲ್ಲೆಗೆ ನೀರು ಹಾಕಿದರೆ ಅದು ಉಬ್ಬಿ ಟ್ಯೂಬಿನ ತುಂಬ ಕಂದು ಪುಡಿಯಾಗುತ್ತದೆ. ಮಕ್ಕಳು ಕುಣಿದಾಡುತ್ತಾರೆ. ಅದು ಒಂದು ನಿಮಿಷದ ಸಂಭ್ರಮ. ಆಮೇಲೆ ಬೀಜವನ್ನು ಅದರ ನಡುವೆ ಹುಗಿಯಿರಿ ಅನ್ನುತ್ತದೆ ಪುಸ್ತಿಕೆ. ಹುಗಿದ ಮೇಲೆ? ಬೀಜ ಉಬ್ಬಿದ್ದು, ಸಿಪ್ಪೆ ಬಿರಿದದ್ದು, ಮೊದಲು ಬೇರು ಹೊರಗೆ ಬಂದದ್ದು, ಎಲ್ಲ ಒಳಗೇ ಆಗಿಹೋಗುತ್ತದೆ. ಮಗುವಿಗೆ ಕಾಣುವುದು ಕೊನೆಯ ಹಸಿರು ಮಾತ್ರ. ಅದನ್ನು ನೋಡೋಕೆ ಆರುನೂರು ರೂಪಾಯಿ ಯಾಕೆ? ಶಾಲೆಯ ಹಿಂದಿನ ಗಟಾರದ ಅಂಚಿನಲ್ಲಿ ಮಳೆ ಬಿದ್ದ ಮೇಲೆ ಬೇಕಾದಷ್ಟು ಹಸಿರು ಇರುತ್ತದೆ.

ಪಾರದರ್ಶಕ ಟ್ಯೂಬು ಕೊಟ್ಟು ಅದರ ತುಂಬ ಪುಡಿ ತುಂಬಿಸಿ ಅನ್ನುವವರಿಗೆ ಏನು ಹೇಳೋದು. ನಾವು ಬಿಲ್ಲೆಗಳನ್ನು ಎತ್ತಿಟ್ಟೆವು. ದಿನಪತ್ರಿಕೆಯ ಹಾಳೆಯನ್ನು ಸುರುಳಿ ಮಾಡಿ, ಒದ್ದೆ ಮಾಡಿ, ಟ್ಯೂಬಿನ ಒಳಮೈಗೆ ಅಂಟುವ ಹಾಗೆ ಇಟ್ಟೆವು. ನಡುವೆ ಒಂದಿಷ್ಟು ಹತ್ತಿ. ಕಾಳನ್ನು ಕಾಗದಕ್ಕೂ ಟ್ಯೂಬಿಗೂ ನಡುವೆ ಚಿಮಟಾದಿಂದ ಜಾರಿಸಿದೆವು. ತಳದಲ್ಲಿ ಒಂದು ಬೆರಳಿನಷ್ಟು ನೀರು. ಕಾಗದ ತಾನೇ ಹೀರಿಕೊಳ್ಳುತ್ತದೆ. ಇಷ್ಟೇ. ಈಗ ಎಲ್ಲ ಕಾಣುತ್ತದೆ. ಟ್ಯೂಬು ಇಲ್ಲದವರು ಗಾಜಿನ ಲೋಟ ಬಳಸಿ, ಇನ್ನೂ ಚೆನ್ನಾಗಿ ಕಾಣುತ್ತದೆ.

ಎರಡನೇ ತಕರಾರು ಬಿಸಿಲಿನದು. "ಬೀಜಕ್ಕೆ ಮಣ್ಣು, ನೀರು, ಬಿಸಿಲು ಬೇಕು" ಅಂತ ಪುಸ್ತಿಕೆಯಲ್ಲಿ ದೊಡ್ಡ ಅಕ್ಷರದಲ್ಲಿ ಇದೆ. ಇದು ಗಿಡದ ಮಾತು, ಬೀಜದ್ದಲ್ಲ. ಮೊಳೆಯೋಕೆ ಬೇಕಾದದ್ದು ನೀರು, ಗಾಳಿ, ಹದವಾದ ಬೆಚ್ಚಗಿನ ಹವೆ. ಮಣ್ಣು ಬೇಡ, ನಮ್ಮ ಟ್ಯೂಬಿನಲ್ಲಿ ಮಣ್ಣೇ ಇರಲಿಲ್ಲ. ಬಿಸಿಲು ಬಹಳಷ್ಟು ಬೀಜಗಳಿಗೆ ಬೇಡ. ಲೆಟ್ಯೂಸ್‌ನಂಥ ಕೆಲವು ಸಣ್ಣ ಬೀಜಗಳಿಗೆ ಬೆಳಕು ಬೇಕಾಗುತ್ತದೆ ನಿಜ, ಆದರೆ ನಮ್ಮ ಅಡುಗೆಮನೆಯ ಕಾಳುಗಳು ಡಬ್ಬಿಯ ಕತ್ತಲಲ್ಲೇ ಮೊಳೆಯುತ್ತವೆ. ಮಡಕಿಕಾಳು ಮೊಳಕೆ ಕಟ್ಟುವಾಗ ಯಾರಾದರೂ ಗಂಟನ್ನು ಬಿಸಿಲಿಗೆ ಇಡುತ್ತಾರಾ? ಏಪ್ರಿಲ್ ತಿಂಗಳಲ್ಲಿ ಪುಸ್ತಿಕೆಯ ಮಾತು ಕೇಳಿ ಕಿಟಕಿಯ ಬಿಸಿಲಿಗೆ ಇಟ್ಟರೆ ಮಧ್ಯಾಹ್ನದೊಳಗೆ ಬಿಲ್ಲೆ ಒಣಗಿ, ಆಗತಾನೆ ಬಾಯಿ ಬಿಟ್ಟ ಬೀಜ ಸಾಯುತ್ತದೆ.

ಇದನ್ನು ಮಕ್ಕಳಿಗೆ ಬಾಯಲ್ಲಿ ಹೇಳಲಿಲ್ಲ. ಹೆಸರುಕಾಳಿನ ಒಂದು ಟ್ಯೂಬನ್ನು ಕಿಟಕಿ ಹತ್ತಿರ ಬೆಳಕಿನಲ್ಲಿ, ಇನ್ನೊಂದನ್ನು ಕಪಾಟಿನೊಳಗೆ ಇಟ್ಟೆವು. ಎರಡೂ ಮೊಳೆತವು. ಕೆಲವು ದಿನ ಬಿಟ್ಟು ನೋಡಿದರೆ ಕಪಾಟಿನದು ಉದ್ದಕ್ಕೆ ಬೆಳೆದು, ಬಿಳಿಚಿ, ಹಳದಿ ಎಲೆ ಹೊತ್ತು ವಾಲಿತ್ತು. ಕಿಟಕಿಯದು ಗಿಡ್ಡ, ಹಸಿರು, ಗಟ್ಟಿ. ಒಬ್ಬ ಹುಡುಗಿ ಹಳದಿ ಸಸಿ ನೋಡಿ, "ಟೀಚರ್, ನಮ್ಮ ಮನ್ಯಾಗ ದಸರಾಕ್ಕ ದೇವರ ಮುಂದ ಹಿಂಗ ಬಂದಿರ್ತಾವ್ರಿ" ಅಂದಳು. ಸರಿಯಾಗಿ ಹಿಡಿದಿದ್ದಳು. ನಮ್ಮ ಕಡೆ ನವರಾತ್ರಿಗೆ ಘಟ ಹಾಕುವ ಮನೆಗಳಲ್ಲಿ ಮಣ್ಣಿನ ಮೇಲೆ ಕಾಳು ಹಾಕುತ್ತಾರಲ್ಲ, ದೇವರ ಕೋಣೆ ಕತ್ತಲಿದ್ದರೆ ಸಸಿ ಹೀಗೇ ಹಳದಿಯಾಗಿ, ಎತ್ತರಕ್ಕೆ ಬರುತ್ತದೆ. ಬೆಳಕು ಸಿಗದ ಸಸಿ ಹಸಿರು ಮಾಡಿಕೊಳ್ಳೋದು ಬಿಟ್ಟು, ಇದ್ದಬದ್ದ ಶಕ್ತಿಯನ್ನೆಲ್ಲ ಬೆಳಕು ಹುಡುಕೋಕೆ ಉದ್ದವಾಗುವುದರಲ್ಲಿ ಹಾಕುತ್ತದೆ. ಆ ಟ್ಯೂಬನ್ನು ಬೆಳಕಿಗೆ ತಂದಿಟ್ಟೆವು. ಎಲೆ ನಿಧಾನಕ್ಕೆ ಹಸಿರಾಯಿತು. ಪುಸ್ತಿಕೆಯಲ್ಲಿ ಇದಕ್ಕೊಂದು ಪುಟ ಇದ್ದಿದ್ದರೆ ನಾನು ಸ್ಟಾರ್ ಜಾಸ್ತಿ ಕೊಡುತ್ತಿದ್ದೆ.

ಮೂರನೆಯದು ಚಿತ್ರ. ಪುಸ್ತಿಕೆಯಲ್ಲಿ ಮೊಳಕೆಯ ಒಂದೇ ಒಂದು ಚಿತ್ರ ಇದೆ. ಬೀನ್ಸ್‌ನದು. ಬೇರು ಕೆಳಗೆ, ಬಾಗಿದ ದಂಟು ಮೇಲೆ, ಕಾಳಿನ ಎರಡು ಹೋಳನ್ನು ತಲೆ ಮೇಲೆ ಹೊತ್ತು ಮಣ್ಣಿನಿಂದ ಏಳುವುದು. ಹೆಸರು, ಅಲಸಂದಿ, ಅವರೆ ಹೀಗೇ ಏಳುತ್ತವೆ. ಆದರೆ ಕಡ್ಲಿ ಹಾಗೆ ಮಾಡುವುದಿಲ್ಲ. ಬಟಾಣಿ, ತೊಗರಿಯೂ ಮಾಡುವುದಿಲ್ಲ. ಅವುಗಳ ಹೋಳು ಮಣ್ಣಿನೊಳಗೇ ಉಳಿದು, ಚಿಗುರು ಮಾತ್ರ ಮೇಲೆ ಬರುತ್ತದೆ. ಗೋವಿನಜೋಳ, ಜೋಳ, ಗೋಧಿಗಳದ್ದು ಇನ್ನೊಂದೇ ರೀತಿ. ಅವಕ್ಕೆ ಎರಡು ಹೋಳೇ ಇಲ್ಲ. ಕಾಳು ಕೆಳಗೆ ಕೂರುತ್ತದೆ, ಸೂಜಿ ಮೊನೆಯ ಹಾಗೆ ಒಂದು ಮೊಳಕೆ ನೆಟ್ಟಗೆ ಮೇಲೇಳುತ್ತದೆ, ಎಲೆ ಅದರೊಳಗಿಂದ ಬಿಚ್ಚಿಕೊಳ್ಳುತ್ತದೆ. ಜೋಳದ ರೊಟ್ಟಿ, ಕಡ್ಲಿಬ್ಯಾಳಿ ಹೋಳಿಗೆ ತಿನ್ನುವ ಊರಿನ ಮಕ್ಕಳಿಗೆ ಬೀನ್ಸ್‌ನ ಒಂದೇ ಚಿತ್ರ ಕೊಟ್ಟರೆ, ಕಡ್ಲಿ ಹಾಕಿದ ಮಗು "ನಂದು ತಪ್ಪಾಗೈತ್ರಿ" ಅಂತ ಮುಖ ಸಣ್ಣ ಮಾಡಿಕೊಳ್ಳುತ್ತದೆ. ನಮ್ಮಲ್ಲಿ ಹಾಗೇ ಆಯಿತು. ಹೆಸರು, ಕಡ್ಲಿ, ಗೋವಿನಜೋಳ ಮೂರನ್ನೂ ಸಾಲಾಗಿ ಸ್ಟ್ಯಾಂಡಿಗೆ ಹಾಕಿ ತೋರಿಸಿದ ಮೇಲೆ ಸಮಾಧಾನವಾಯಿತು.

ಬೀಜಗಳ ವಿಷಯ. ಮೂಲಂಗಿ ಚೆನ್ನಾಗಿ, ಬೇಗ ಬಂತು. ಬೀನ್ಸ್ ಪರವಾಗಿಲ್ಲ. ಸೂರ್ಯಕಾಂತಿ ಅರ್ಧಕ್ಕರ್ಧ ಕೊಳೆಯಿತು. ಟೊಮೆಟೊ ಬರೋಷ್ಟರಲ್ಲಿ ಮಕ್ಕಳು ಅದನ್ನು ಮರೆತೇಬಿಟ್ಟಿದ್ದರು. ಈ ವಯಸ್ಸಿಗೆ ಸೋಮವಾರ ಹಾಕಿದ್ದು ಗುರುವಾರದೊಳಗೆ ಏನಾದರೂ ತೋರಿಸಬೇಕು. ಅದೇ ಕಾರಣಕ್ಕೆ ಹವೀಜ (ಕೊತ್ತಂಬರಿ ಬೀಜ), ಮೆಣಸಿನಬೀಜ ಈ ಆಟಕ್ಕೆ ಬೇಡ. ಎರಡೂ ವಾರಕ್ಕಿಂತ ಜಾಸ್ತಿ ಕಾಯಿಸುತ್ತವೆ. ಬ್ಯಾಡಗಿ ಮೆಣಸಿನಕಾಯಿ ಮನೆಯಲ್ಲೇ ಇದೆಯಲ್ಲ ಅಂತ ಬಿಡಿಸಲು ಕೊಟ್ಟೀರಿ, ಅದೇ ಕೈಯಲ್ಲಿ ಕಣ್ಣು ಉಜ್ಜಿಕೊಂಡರೆ ಆ ದಿನದ ಪಾಠ ಅಲ್ಲಿಗೇ ಮುಗಿಯಿತು.

ಬೇಸಿಲ್ ಪ್ಯಾಕೆಟ್ ಒಂದೂ ಮೊಳೆಯಲಿಲ್ಲ. ಆದರೂ ಅದರಿಂದ ಒಂದು ಒಳ್ಳೆಯ ಮಧ್ಯಾಹ್ನ ಸಿಕ್ಕಿತು. ಬೇಸಿಲ್ ಅಂದರೆ ನಮ್ಮ ಕಾಮಕಸ್ತೂರಿಯ ಜಾತಿ. ಒಣ ಬೀಜದ ಮೇಲೆ ಒಂದು ಹನಿ ನೀರು ಬಿಟ್ಟರೆ ನೋಡನೋಡುತ್ತಿದ್ದಂತೆ ಸುತ್ತ ಲೋಳೆಯ ಪೊರೆ ಉಬ್ಬುತ್ತದೆ. ಫಾಲೂದಾದಲ್ಲಿ ಹಾಕುತ್ತಾರಲ್ಲ, ಅದೇ. ಭೂತಗನ್ನಡಿ ಹಿಡಿದು ಕೂತವರು ಏಳಲೇ ಇಲ್ಲ.

ಡಬ್ಬಿಯ ಮೇಲಿದ್ದ ನಂಬರಿಗೆ ಫೋನ್ ಮಾಡಿ ಸೂರ್ಯಕಾಂತಿ, ಬೇಸಿಲ್ ಬರಲಿಲ್ಲ ಅಂದೆ. ನೀರು ಜಾಸ್ತಿ ಹಾಕಿರಬೇಕು ಅಂದರು ಮೊದಲು. ಫೋಟೋ ಕಳಿಸಿದ ಮೇಲೆ ಹೊಸ ಪ್ಯಾಕೆಟ್ ಕೊರಿಯರ್ ಮಾಡಿದರು. ಅದಕ್ಕೆ ಥ್ಯಾಂಕ್ಸ್. ಹೊಸದರ ಮೇಲೂ ತಾರೀಖಿಲ್ಲ. ಬೆಳೆಯ ಬೀಜದ ಚೀಲಕ್ಕೆ ಹೊಲಿದಿರುವ ಚೀಟಿ ನೋಡಿದವರಿಗೆ ಇದು ಎಷ್ಟು ವಿಚಿತ್ರ ಅಂತ ಗೊತ್ತಾಗುತ್ತದೆ. ಅದರಲ್ಲಿ ಪರೀಕ್ಷೆಯ ತಾರೀಖು ಇರುತ್ತದೆ, ಎಷ್ಟು ಪಾಲು ಮೊಳೆಯಲೇಬೇಕು ಅಂತಲೂ ಇರುತ್ತದೆ. ಪ್ರಮಾಣಿತ ಕಡ್ಲಿ ಬೀಜ ನೂರಕ್ಕೆ 85, ಶೇಂಗಾ 70 ಮೊಳೆಯಬೇಕು. ಕೆಜಿಗೆ ನೂರಿನ್ನೂರು ರೂಪಾಯಿಯ ಬೀಜಕ್ಕೆ ಇಷ್ಟು ಲೆಕ್ಕ ಇದೆ. ಹತ್ತು ಬೀಜದ ಆಟಿಕೆ ಪ್ಯಾಕೆಟ್‌ಗೆ ಲೆಕ್ಕವೇ ಇಲ್ಲ.

ಹಾಗಾಗಿ ಬೀಜ ನಮ್ಮ ಓಣಿಯ ಕಿರಾಣಿ ಅಂಗಡಿಯಿಂದ ಬಂತು. ಐವತ್ತು ರೂಪಾಯಿ ಒಳಗೆ ಹೆಸರು, ಕಡ್ಲಿ, ಅಲಸಂದಿ, ಮೆಂತ್ಯ, ಬಿಳಿಜೋಳ, ಹಸಿ ಶೇಂಗಾ ಎಲ್ಲ ಒಂದೊಂದು ಹಿಡಿ. ಅಂಗಡಿಯ ಕಾಕಾ ಪೊಟ್ಟಣ ಕಟ್ಟುತ್ತಾ "ಇಷ್ಟ ಸಾಕೇನ್ರಿ ಅಕ್ಕಾರ, ಉಸುಳಿಗಿ ಸಾಲಂಗಿಲ್ಲಲ್ರಿ" ಅಂದರು.

ಈ ಪೊಟ್ಟಣಗಳಿಂದ ಮಾಡಿದ ಒಂದು ಆಟವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಯಾಕಂದ್ರೆ ಕಿಟ್‌ನಲ್ಲಿ ಇದರ ಸುಳಿವೇ ಇಲ್ಲ, ಖರ್ಚೂ ಇಲ್ಲ.

ನಾಲ್ಕು ಬಟ್ಟಲು ಇಟ್ಟೆವು. ಒಂದರಲ್ಲಿ ಹಸಿ ಕಡ್ಲಿ. ಒಂದರಲ್ಲಿ ಸಿಪ್ಪೆ ಸಮೇತ ಹುರಿದ ಕಡ್ಲಿ. ಒಂದರಲ್ಲಿ ಕಡ್ಲಿಬ್ಯಾಳಿ. ಒಂದರಲ್ಲಿ ಪುಠಾಣಿ, ಅಂದರೆ ಹುರಿದು ಸಿಪ್ಪೆ ತೆಗೆದು ಒಡೆದ ಕಡ್ಲಿ. ಎಲ್ಲಾ ಒಂದೇ ಗಿಡದ್ದು ಅಂತ ಹೇಳಿದಾಗ ಅರ್ಧ ಮಕ್ಕಳು ನಂಬಲಿಲ್ಲ. ಯಾವುದು ಮೊಳೆಯುತ್ತದೆ ಅಂತ ಕೇಳಿದೆ. ಹೆಚ್ಚು ವೋಟು ಬಿದ್ದದ್ದು ಪುಠಾಣಿಗೆ. ಕಾರಣ, "ಅದು ರುಚಿ ಇರ್ತೈತಲ್ರಿ". ರಾತ್ರಿ ನೆನೆಹಾಕಿ ಬೆಳಿಗ್ಗೆ ತೆರೆದರೆ ನಾಲ್ಕೂ ಉಬ್ಬಿವೆ. "ಎಲ್ಲಾ ಹುಟ್ಟತಾವ್ರಿ!" ಅಂತ ಗದ್ದಲ. ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟೆವು. ಹಸಿ ಕಡ್ಲಿಗೆ ಬೆಳ್ಳಗೆ ಮೊಳಕೆ ಇಣುಕಿತು. "ಟೀಚರ್, ಕಡ್ಲಿಗಿ ಬಾಲ ಬಂದೈತ್ರಿ!" ಉಳಿದ ಮೂರು ಅಂಟಂಟಾಗಿ, ಕೆಟ್ಟ ವಾಸನೆ ಹೊಡೆಯತೊಡಗಿದವು.

ನಾನು ಈ ಆಟವನ್ನು ಎಲ್ಲಕ್ಕಿಂತ ಮೇಲಿಡುವುದು ಇದೇ ಕಾರಣಕ್ಕೆ. ಸತ್ತ ಕಾಳೂ ನೀರು ಕುಡಿಯುತ್ತದೆ, ಉಬ್ಬುತ್ತದೆ. ಉಬ್ಬಿದ್ದೆಲ್ಲ ಬದುಕಿರುವುದಿಲ್ಲ. ಹುರಿದ ಕಡ್ಲಿಯಲ್ಲಿ ಬಿಸಿಗೆ ಒಳಗಿನ ಮರಿಗಿಡ ಸತ್ತಿದೆ. ಬ್ಯಾಳಿಯಲ್ಲಿ ಕಾಳನ್ನು ಒಡೆಯುವಾಗಲೇ ಅದು ಮುರಿದು ಹೋಗಿದೆ. ಪುಠಾಣಿಯಲ್ಲಿ ಎರಡೂ ಆಗಿದೆ. ಆ ಮರಿಗಿಡವನ್ನು ಕಣ್ಣಾರೆ ನೋಡಬೇಕಂದರೆ ನೆನೆಸಿದ ಶೇಂಗಾ ತಗೊಳ್ಳಿ. ಕೆಂಪು ಸಿಪ್ಪೆ ಸುಲಿದು, ಎರಡು ಹೋಳು ಮೆಲ್ಲಗೆ ಬಿಡಿಸಿ. ತುದಿಯಲ್ಲಿ ಮೊಂಡು ಬೇರು, ಅದರ ಮೇಲೆ ಮಡಚಿಕೊಂಡ ಪುಟಾಣಿ ಎಲೆಗಳು. ಭೂತಗನ್ನಡಿ ಹಿಡಿದರೆ ಎಲೆಯ ಗೆರೆಯೂ ಕಾಣುತ್ತದೆ. "ಇದಕ್ಕ ಗಡ್ಡ ಐತ್ರಿ" ಅಂದ ಒಬ್ಬ. ನಮ್ಮ ಆಯಾ ಅಕ್ಕಾವ್ರು ಇಷ್ಟು ವರ್ಷ ಶೇಂಗಾ ಚಟ್ನಿ ಕುಟ್ಟಿದ್ದರೂ ಇದನ್ನು ನೋಡಿರಲಿಲ್ಲವಂತೆ. ಭೂತಗನ್ನಡಿ ಅವರ ಕೈಯಲ್ಲೇ ಬಹಳ ಹೊತ್ತು ಇತ್ತು.

ಅಕ್ಕಿ ಯಾಕೆ ಮೊಳೆಯೋದಿಲ್ಲ ಅಂತ ಒಬ್ಬ ಪಾಲಕರು ಕೇಳಿದರು. ಭತ್ತ ಮೊಳೆಯುತ್ತದೆ. ಗಿರಣಿಯಲ್ಲಿ ಪಾಲಿಶ್ ಮಾಡುವಾಗ ತುದಿಯಲ್ಲಿರುವ ಮೊಳಕೆಯ ಭಾಗವೇ ಉದುರಿ ಹೋಗಿರುತ್ತದೆ. ಕಲಘಟಗಿ ಕಡೆಯ ನೆಂಟರಿದ್ದರೆ ಒಂದು ಹಿಡಿ ಭತ್ತ ತರಿಸಿಕೊಳ್ಳಿ. ಅಕ್ಕಿ, ಭತ್ತ ಅಕ್ಕಪಕ್ಕ ಇಟ್ಟರೆ ಮಾತೇ ಬೇಡ.

ಗಾಳಿಯ ಪಾಠಕ್ಕೆ ಮೂರು ಬಟ್ಟಲು ಸಾಕು: ಒಣಗಿದ್ದು, ಒದ್ದೆಯಾದದ್ದು, ಮುಳುಗಿದ್ದು. ಮುಳುಗಿದ ಕಾಳು ಉಸಿರುಗಟ್ಟಿ ಕೊಳೆಯುತ್ತದೆ. ಕಾಳು ಕೂಡ ಉಸಿರಾಡುತ್ತದೆ ಅನ್ನೋದು ದೊಡ್ಡವರಿಗೇ ಹೊಸದು. ಮಗು ನೀರು ಜಾಸ್ತಿ ಸುರಿಯುವುದನ್ನು ಬೈದು ನಿಲ್ಲಿಸೋಕೆ ಆಗದು, ಈ ವಾಸನೆ ನಿಲ್ಲಿಸಿತು.

ಟ್ಯೂಬು ಮಲಗಿಸುವ ಆಟ ಯುಕೆಜಿಯವರಿಗೆ. ಅಲಸಂದಿಯ ಬೇರು ಎರಡು ಬೆರಳಗಲ ಇಳಿದ ಮೇಲೆ ಟ್ಯೂಬನ್ನು ಅಡ್ಡ ಮಲಗಿಸಿ, ನೀರು ಚೆಲ್ಲದ ಹಾಗೆ ಹತ್ತಿ ತುರುಕಿ. ಮರುದಿನ ನೋಡಿದರೆ ಬೇರಿನ ತುದಿ ಬಾಗಿ ಮತ್ತೆ ಕೆಳಗೆ ಹೊರಟಿರುತ್ತದೆ, ದಂಟು ಮೇಲಕ್ಕೆ. "ಅದಕ್ಕ ಹ್ಯಾಂಗ ಗೊತ್ತಾಗ್ತೈತ್ರಿ?" ಅಂತ ಕೇಳಿಯೇ ಕೇಳುತ್ತಾರೆ. ಬೇರಿನ ತುದಿಯ ಕೆಲವು ಜೀವಕೋಶಗಳಲ್ಲಿ ಪಿಷ್ಟದ ಸಣ್ಣ ಕಣಗಳಿರುತ್ತವೆ. ಟ್ಯೂಬು ತಿರುಗಿದರೆ ಅವೂ ಭಾರಕ್ಕೆ ಕೆಳಗೆ ಜಾರುತ್ತವೆ. ಕೆಳಗು ಯಾವ ಕಡೆ ಅಂತ ಬೇರಿಗೆ ತಿಳಿಯುವುದು ಹೀಗೆ. ಮಕ್ಕಳಿಗೆ ಇಷ್ಟೆಲ್ಲ ಬೇಡ. "ನೀನ ಹೇಳಪಾ, ಹ್ಯಾಂಗ ಗೊತ್ತಾಗಿರಬೇಕು?" ಅಂದೆ. "ಅದಕ್ಕ ನೀರಡಿಕಿ ಆಗಿರ್ತೈತ್ರಿ" ಅಂದ ಒಬ್ಬ ಹುಡುಗ. ನೀರಿರುವ ಕಡೆ ಬೇರು ಹೆಚ್ಚು ಹರಡೋದು ಸುಳ್ಳಲ್ಲ. ಅಲ್ಲಿಗೆ ಬಿಟ್ಟೆ.

ಒಬ್ಬ ಹುಡುಗಿಯ ಅಜ್ಜಾರು ನವಲಗುಂದ ಕಡೆಯ ರೈತರು. ಮೊಮ್ಮಗಳನ್ನು ಬಿಡೋಕೆ ಬಂದವರು ನಮ್ಮ ಟ್ಯೂಬುಗಳನ್ನು ನೋಡಿ ನಕ್ಕು, ಮರುದಿನ ಒಂದು ತುಂಡು ಗೋಣಿಚೀಲ ತಂದರು. ರೈತರು ಬಿತ್ತುವ ಮೊದಲು ಮನೆಯ ಬೀಜ ಪರೀಕ್ಷೆ ಮಾಡುವ ರೀತಿ ಅದು. ಒದ್ದೆ ಗೋಣಿಯ ಮೇಲೆ ನೂರು ಕಾಳು ಸಾಲಾಗಿ ಇಟ್ಟು, ಸುರುಳಿ ಸುತ್ತಿ, ನೆರಳಲ್ಲಿಟ್ಟು, ಕೆಲವು ದಿನ ಬಿಟ್ಟು ಬಿಚ್ಚಿ ಎಣಿಸುವುದು. ಕಡಿಮೆ ಬಂದರೆ ಎಕರೆಗೆ ಬೀಜ ಜಾಸ್ತಿ ಹಾಕಬೇಕು, ಇಲ್ಲವೇ ಬೇರೆ ಬೀಜ ನೋಡಬೇಕು. ಸೋಯಾಬೀನ್‌ಗಂತೂ ಇದು ಬೇಕೇಬೇಕು ಅಂದರು. ಅದರ ಸಿಪ್ಪೆ ತೆಳು, ಚೀಲ ಎತ್ತಿ ಒಗೆದರೂ ಬೀಜ ಕೆಡುತ್ತದೆ. ನಮ್ಮ ಮಕ್ಕಳಿಗೆ ನೂರು ದೂರದ ಮಾತು, ಹತ್ತು ಕಾಳು ಇಟ್ಟೆವು. ಬಿಚ್ಚಿದಾಗ ಎರಡು ಹೆಸರುಕಾಳು ಹಾಕಿದ ಹಾಗೇ ಗಟ್ಟಿಯಾಗಿ ಕೂತಿದ್ದವು. "ಸತ್ತಾವೇನ್ರಿ?" ಸತ್ತಿರಲಿಲ್ಲ. ಕೆಲವು ಹೆಸರುಕಾಳಿನ ಸಿಪ್ಪೆ ನೀರನ್ನೇ ಒಳಗೆ ಬಿಡುವುದಿಲ್ಲ. ಎಷ್ಟು ಬೇಯಿಸಿದರೂ ಹಲ್ಲಿಗೆ ಸಿಗುವ ಕಲ್ಲುಕಾಳು ಇದೆಯಲ್ಲ, ಇವೇ ಅವು. ಪಾಲಿಶ್ ಪೇಪರ್ ಮೇಲೆ ಸ್ವಲ್ಪ ಉಜ್ಜಿ ಮತ್ತೆ ನೆನೆಹಾಕಿದೆವು. ಮೊಳೆತವು. ಅಜ್ಜಾರು ಅದನ್ನು ನೋಡಿ, "ಇದು ನಮಗ ಗೊತ್ತಿದ್ದಿಲ್ರಿ ಟೀಚರ್" ಅಂದಿದ್ದು ನನಗೆ ಆ ತಿಂಗಳ ಸಂಬಳಕ್ಕಿಂತ ಜಾಸ್ತಿ ಖುಷಿ ಕೊಟ್ಟಿತು.

ಈಗ ಎಚ್ಚರಿಕೆ. ಕಿಟ್‌ನ ಮೇಲೆ ವಯಸ್ಸು 3+ ಅಂತ ಇದೆ. ನಾನು ಒಪ್ಪುವುದಿಲ್ಲ. ಮೂರು ವರ್ಷದ ಮಗು ಕಾಳನ್ನು ಮೂಗಿಗೆ, ಕಿವಿಗೆ ತುರುಕಿಕೊಳ್ಳುತ್ತದೆ. ಮೂಗಿನ ತೇವಕ್ಕೆ ಅದು ಅಲ್ಲೇ ಉಬ್ಬುತ್ತದೆ, ಆಮೇಲೆ ಡಾಕ್ಟರೇ ತೆಗೆಯಬೇಕು. ಶೇಂಗಾ ಗಂಟಲಿಗೆ ಸಿಕ್ಕರೆ ಇನ್ನೂ ಕೆಟ್ಟದ್ದು. ನಾಲ್ಕು ತುಂಬಿದ ಮೇಲೆ, ಪಕ್ಕದಲ್ಲಿ ದೊಡ್ಡವರು ಕೂತಿದ್ದರೆ ಮಾತ್ರ ಸರಿ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಓದಿ. ಒಬ್ಬ ಪಾಲಕರು ಪ್ರೀತಿಯಿಂದ ಒಂದು ಹಿಡಿ ಗೋವಿನಜೋಳ ಕಳಿಸಿದ್ದರು. ಹೊಲಕ್ಕೆ ತಂದ ಚೀಲದಲ್ಲಿ ಉಳಿದದ್ದು. ಚಂದದ ಗುಲಾಬಿ ಬಣ್ಣ. ಮಕ್ಕಳು ಮುಗಿಬಿದ್ದರು. ಆ ಬಣ್ಣ ಚಂದಕ್ಕಲ್ಲ. ಬಿತ್ತನೆ ಬೀಜಕ್ಕೆ ಬೂಷ್ಟು, ಹುಳ ಬರದ ಹಾಗೆ ಔಷಧಿ ಸವರಿದೆ, ತಿನ್ನಬೇಡಿ ಅನ್ನೋದರ ಗುರುತು ಅದು. ಮುಟ್ಟಲು ಕೊಡದೆ ಪೊಟ್ಟಣ ಕಟ್ಟಿ ವಾಪಸ್ ಕಳಿಸಿದೆ. ಗುಲಾಬಿ, ಕೆಂಪು, ಹಸಿರು, ನೀಲಿ, ಬಣ್ಣ ಯಾವುದೇ ಇರಲಿ, ಬಣ್ಣ ಸವರಿದ ಬೀಜ ಮಕ್ಕಳ ಕೈಗೆ ಬೇಡ. ಹಾಗೇ ಔಡಲ (ಹರಳು), ಗುಲಗಂಜಿ, ದತ್ತೂರಿ ಬೀಜಗಳೂ ಬೇಡ. ನೋಡೋಕೆ ಚಂದ, ಹೊಟ್ಟೆಗೆ ವಿಷ. ಕಾಲೇಜಿನ ಮಕ್ಕಳು ಬೆಳೆಸಿದ ಗಿಡ ನೋಡೋಣ ಅಂತ ಕೃಷಿ ವಿಶ್ವವಿದ್ಯಾಲಯದ ಮೇಳಕ್ಕೆ ಕರೆದುಕೊಂಡು ಹೋಗುವವರೂ ಅಲ್ಲಿ ಕೊಳ್ಳುವ ಬಿತ್ತನೆ ಬೀಜವನ್ನು ಹೊಲಕ್ಕೇ ಇಟ್ಟುಕೊಳ್ಳಿ. ಮೇಳಕ್ಕೆ ಹೋಗಿ ಅಂತಲೇ ಹೇಳುತ್ತೇನೆ. ಒಂದೇ ಜೋಳದಲ್ಲಿ ಇಷ್ಟು ತಳಿ ಇದೆಯಾ ಅಂತ ಮಕ್ಕಳು ನೋಡಲಿ.

ಮೊಳೆತ ಸಸಿಯನ್ನು ಏನು ಮಾಡೋದು? ಕಿಟ್‌ನ ಪುಸ್ತಿಕೆ ಟ್ಯೂಬಿನಲ್ಲೇ ಮುಗಿಯುತ್ತದೆ. ಕಾಳಿನಲ್ಲಿದ್ದ ಊಟ ಮುಗಿಯೋವರೆಗೆ ಸಸಿಗೆ ಏನೂ ಬೇಡ. ಎರಡು ಹೋಳು ಸುಕ್ಕುಗಟ್ಟಿ ಉದುರಿದ ಮೇಲೆ ಮಣ್ಣು ಬೇಕು. ಕೋಕೋಪೀಟ್‌ನಲ್ಲಿ ಗಿಡಕ್ಕೆ ತಿನ್ನಲು ಹೆಚ್ಚೇನೂ ಇಲ್ಲ. ಎತ್ತಿಟ್ಟ ಬಿಲ್ಲೆಗಳು ಉಪಯೋಗಕ್ಕೆ ಬಂದದ್ದು ಈಗ. ಎರೆಮಣ್ಣಷ್ಟೇ (ಕಪ್ಪು ಮಣ್ಣು) ತುಂಬಿದರೆ ಸಣ್ಣ ಕಪ್ಪಿನಲ್ಲಿ ನೀರು ನಿಲ್ಲುತ್ತದೆ, ಒಣಗಿದರೆ ಇಟ್ಟಂಗಿಯಾಗುತ್ತದೆ. ಮಸಾರಿ (ಕೆಂಪು) ಮಣ್ಣು, ಸ್ವಲ್ಪ ಗೊಬ್ಬರ, ಒಂದು ಹಿಡಿ ಕೋಕೋಪೀಟ್ ಬೆರೆಸಿದರೆ ಹದ. ಹಾಲಿನ ಪಾಕೀಟಿನ ತಳಕ್ಕೆ ತೂತು ಮಾಡಿ ಹಾಕಿದೆವು. ಅಲಸಂದಿ ಮೂರ್ನಾಲ್ಕು ಮನೆಗಳಲ್ಲಿ ಕಾಯಿ ಬಿಟ್ಟಿದೆ. ಒಬ್ಬರ ಮನೆಯದನ್ನು ಆಡು ತಿಂದಿತು.

ನನ್ನ ಲೆಕ್ಕದಲ್ಲಿ ಐದಕ್ಕೆ ಎರಡೂವರೆ ಸ್ಟಾರ್. ಭೂತಗನ್ನಡಿಗೆ ಒಂದು, ಡ್ರಾಪರ್‌ಗೆ ಒಂದು, ಸ್ಟ್ಯಾಂಡಿಗೆ ಅರ್ಧ. ಶಾಲೆಗೆ, ಅಥವಾ ಎರಡು ಮೂರು ಮನೆಯವರು ಸೇರಿ ಒಂದು ತಗೊಂಡರೆ ನಷ್ಟವಿಲ್ಲ, ಸಾಮಾನು ವರ್ಷಗಟ್ಟಲೆ ಬಾಳುತ್ತದೆ. ಒಂದೇ ಮಗು ಇರುವ ಮನೆಗೆ ಬೇಡ. ಔಷಧಿ ಅಂಗಡಿಯಲ್ಲಿ ಡ್ರಾಪರ್ ಕೇಳಿ, ಸ್ಟೇಷನರಿ ಅಂಗಡಿಯಲ್ಲಿ ಗಾಜಿನ ಭೂತಗನ್ನಡಿ ಕೇಳಿ, ಲೋಟ ಮನೆಯಲ್ಲೇ ಇದೆ. ಹುಟ್ಟುಹಬ್ಬಕ್ಕೆ ಉಡುಗೊರೆ ಕೊಡೋಕೆ ಡಬ್ಬಿ ಚಂದ ಇದೆ ಅನ್ನುವವರಿದ್ದರೆ, ಒಳಗೆ ಒಂದು ಪೊಟ್ಟಣ ಹೆಸರುಕಾಳು, ಒಂದು ಪೊಟ್ಟಣ ಕಡ್ಲಿ ಸೇರಿಸಿ ಕೊಡಿ.

ಅಂದ ಹಾಗೆ, ಬೀಜದ ರೀಫಿಲ್ ಪ್ಯಾಕ್ ಅಂತ 149 ರೂಪಾಯಿಗೆ ಬೇರೆ ಮಾರುತ್ತಾರೆ. ಅದೇ ಐದು ಬೀಜ. ಅದನ್ನು ಮಾತ್ರ ತಗೋಬೇಡಿ.